ಹದಿಮೂರನೆಯ ಅಂತಸ್ತಿನ ನಕ್ಷೆ

ಲಿಫ್ಟ್ ರಿಪೇರಿ ಮಾಡುವ ಅವನಿಗೆ ಐವತ್ತೆರಡು ತುಂಬಿದ್ದರೂ ಅಕ್ಕನ ಬಾಯಲ್ಲಿ ಇನ್ನೂ ಪುಟ್ಟನೇ. ತಾಯಿ ತೀರಿಕೊಂಡಾಗ ಅವನಿಗೆ ಒಂಬತ್ತು, ಅವಳಿಗೆ ಹತ್ತೊಂಬತ್ತು. ಅಂದಿನಿಂದ ತಲೆ ಬಾಚಿದ್ದು, ಶಾಲೆಗೆ ಅಟ್ಟಿದ್ದು, ಬೆನ್ನಿಗೊಂದು ಗುದ್ದು ಕೊಟ್ಟದ್ದು ಎಲ್ಲ ಅವಳೇ. ಸರ್ವೆ ಕಚೇರಿಯಲ್ಲಿ ಮೂವತ್ತೊಂದು ವರ್ಷ ನಕ್ಷೆ ಬರೆದಳು. ಅವಳೆಳೆದ ಗೆರೆಯನ್ನು ಅಲ್ಲಿ ಯಾರೂ ಎರಡನೆಯ ಸಲ ಅಳೆಯುತ್ತಿರಲಿಲ್ಲ.

ಅಂಥವಳು ಹೋದ ವರ್ಷ, ಎರಡು ಬೀದಿ ಆಚೆಯ ಔಷಧಿ ಅಂಗಡಿಯಿಂದ ಮನೆಗೆ ಬರುವ ದಾರಿ ಮರೆತು, ಅಂಗಡಿಯ ಮೆಟ್ಟಿಲ ಮೇಲೆ ಮುಕ್ಕಾಲು ಗಂಟೆ ಕೂತಿದ್ದಳು. ಡಾಕ್ಟರು, “ಈಗಲೇ ಏನೂ ಹೇಳೋಕಾಗಲ್ಲ. ತಲೆಗೆ ಕೆಲಸ ಕೊಡಿ, ಆರು ತಿಂಗಳು ನೋಡೋಣ” ಎಂದರು.

ತಲೆಗೆ ಕೆಲಸವೆಂದು ಮನೆಯ ಹಳೆಯ ಕಂಪ್ಯೂಟರಿಗೆ ತಮ್ಮ ಒಂದು ಆಟ ಹಾಕಿಕೊಟ್ಟ. ಒಬ್ಬ ವೀರ ಕತ್ತಿ ಹಿಡಿದು ಪಾಳುಬಿದ್ದ ನೆಲಮಾಳಿಗೆಗೆ ಅಂತಸ್ತು ಅಂತಸ್ತಾಗಿ ಇಳಿಯಬೇಕು. ಇಪ್ಪತ್ತಾರನೆಯ ಅಂತಸ್ತಿನಲ್ಲಿ ಒಂದು ಕಿರೀಟವಿದೆ. ಇರುವುದು ಒಂದೇ ಜೀವ. ವೀರ ಸತ್ತರೆ, ಅಲ್ಲಿವರೆಗಿನ ಆಟವನ್ನು ಉಳಿಸಿಟ್ಟ ಸೇವ್ ಫೈಲನ್ನು ಆಟವೇ ಅಳಿಸಿಹಾಕುತ್ತದೆ.

“ಇವನೇನೋ ವೀರ? ನಾಲ್ಕು ದಿನ ಊಟ ಕಾಣದವನ ಹಾಗಿದಾನೆ” ಎಂದು ಅಕ್ಕ ಅವನಿಗೆ ಬಡಕಲ ಎಂದು ಹೆಸರಿಟ್ಟಳು. ಮರುದಿನವೇ ಪೆಟ್ಟಿಗೆಯಿಂದ ಗ್ರಾಫ್ ಹಾಳೆ, ಸ್ಕೇಲು, ಚೂಪಾದ ಪೆನ್ಸಿಲು ಹೊರಬಂದವು. ಪರದೆಯ ಮೇಲೆ ಬಡಕಲನ ಸುತ್ತಲಿನ ನಾಲ್ಕು ಹೆಜ್ಜೆಯಷ್ಟೇ ಕಾಣುತ್ತಿತ್ತು. ಉಳಿದ ಕತ್ತಲೆಯೆಲ್ಲ ಅವಳ ಹಾಳೆಯ ಮೇಲೆ ಬೆಳಗುತ್ತಿತ್ತು.

ಹೊಸ ಅಂತಸ್ತಿಗೆ ಕಾಲಿಡುವ ಗಳಿಗೆಯಲ್ಲೇ ಕಂಪ್ಯೂಟರು ಆಗಾಗ ಗಕ್ಕನೆ ನಿಂತುಬಿಡುತ್ತಿತ್ತು, ಫೈಲೂ ಕೆಡುತ್ತಿತ್ತು. ಅದಕ್ಕೇ ಪ್ರತಿ ಅಂತಸ್ತಿಗೆ ಇಳಿಯುವ ಮೊದಲು ತಮ್ಮ ಆ ಫೈಲಿನ ನಕಲೊಂದನ್ನು ಬೇರೆ ಕಡೆ ತೆಗೆದಿಡುತ್ತಿದ್ದ. ಅಕ್ಕ ಅದಕ್ಕೊಂದು ಕಟ್ಟಳೆ ಹಾಕಿದಳು.

“ಹ್ಯಾಂಗ್ ಆದ್ರೆ ನಕಲು ಹಾಕು, ಅದು ಮಿಷನ್ ತಪ್ಪು. ಸತ್ರೆ ಹಾಕ್ಬೇಡ, ಅದು ನನ್ನ ತಪ್ಪು. ಎರಡನ್ನೂ ಕಲಸಬೇಡ ಕಣೋ.”

ಹಾಗೆ ಹದಿಮೂರನೆಯ ಅಂತಸ್ತಿಗೆ ಬಂದರು. ಅದರ ಮುಕ್ಕಾಲು ಪಾಲನ್ನು ಬರೆದಾಗಿತ್ತು. ಭಾನುವಾರ ಮಧ್ಯಾಹ್ನ ಒಣಗಿದ ಬಟ್ಟೆ ತರಲು ಅಕ್ಕ ಮಹಡಿಗೆ ಹೋದಳು. ಬಡಕಲನ ಮೈಯೆಲ್ಲ ಗಾಯ. ಅವಳು ಬರುವಷ್ಟರಲ್ಲಿ ವಾಸಿಯಾಗಲಿ ಎಂದು ವಿಶ್ರಾಂತಿಯ ಕೀಲಿಯನ್ನು ತಮ್ಮ ಒತ್ತಿದ, ಮತ್ತೆ ಒತ್ತಿದ. ಹಿಂದಿನ ಓಣಿಯಿಂದ ಏನೋ ಬಂತು. ಅವನ ಬೆರಳು ನಿಲ್ಲುವ ಮೊದಲೇ ಬಡಕಲ ಬಿದ್ದಿದ್ದ.

ಇದು ಮಿಷನ್ನಿನ ತಪ್ಪೂ ಅಲ್ಲ, ಅಕ್ಕನ ತಪ್ಪೂ ಅಲ್ಲ ಎಂದುಕೊಂಡ. ನಕಲು ಹಾಕಿ, ಹನ್ನೆರಡರಿಂದ ಮತ್ತೆ ಹದಿಮೂರಕ್ಕೆ ಇಳಿಸಿದ. ಅವಳು ಬಟ್ಟೆಯ ರಾಶಿ ಹೊತ್ತು ಬಂದಾಗ, “ಮೆಟ್ಟಿಲ ಹತ್ರ ನಿಲ್ಸಿದೀನಕ್ಕ” ಎಂದ. ಅದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಆದರೆ ಪ್ರತಿ ಸಲ ಇಳಿದಾಗಲೂ ಆಟ ಆ ಅಂತಸ್ತನ್ನು ಹೊಸದಾಗಿ ಕಟ್ಟುತ್ತದೆಂಬುದು ಅವನಿಗೆ ಗೊತ್ತಿರಲಿಲ್ಲ.

ಅಕ್ಕನ ಹಾಳೆಯಲ್ಲಿ ಬಾಗಿಲಿದ್ದಲ್ಲಿ ಈಗ ಗೋಡೆ. ಅವಳು ರಬ್ಬರಿನಿಂದ ಉಜ್ಜಿ ತಿದ್ದಿದಳು. ಓಣಿಯಿದ್ದಲ್ಲಿ ಬಾವಿ. ಅದನ್ನೂ ತಿದ್ದಿದಳು. ಎರಡು ದಿನ ಕಳೆಯುವಷ್ಟರಲ್ಲಿ ಹಾಳೆ ಉಜ್ಜಿ ಉಜ್ಜಿ ತೂತುಬಿದ್ದಿತ್ತು. ಊಟಕ್ಕೆ ಕೂತಾಗ ಅವಳ ಮಾತು ಕಡಿಮೆಯಾಯಿತು. ಅವನು ಗಮನಿಸಿದ, ಸುಸ್ತಿರಬೇಕು ಎಂದುಕೊಂಡ.

ಬುಧವಾರ ಸಂಜೆ ಕೆಲಸ ಮುಗಿಸಿ ಬಂದರೆ, ಅಕ್ಕ ಟೇಪು ಹಿಡಿದು ನಡುಮನೆಯ ನೆಲದ ಮೇಲೆ ಮಂಡಿಯೂರಿ ಕೂತಿದ್ದಳು. ಪಕ್ಕದಲ್ಲಿ ಈ ಮನೆಯದೇ ನಕ್ಷೆ: ಬಾಗಿಲು, ಕಿಟಕಿ, ಕಪಾಟು, ಅವನು ಚಪ್ಪಲಿ ಬಿಡುವ ಮೂಲೆ ಕೂಡ.

“ಇದೇನಕ್ಕ?”

“ಕೈ ಸರಿಯಿದೆ ನೋಡು, ಇದು ಅಳತೆಗೆ ಸರಿಯಾಗಿ ಬಂತು. ಅದೊಂದೇ ಬರ್ತಿಲ್ಲ. ನಿನ್ನೆ ನೋಡಿದ್ದು ಇವತ್ತಿಗೆ ನೆನಪಿರ್ತಿಲ್ಲ ಕಣೋ.” ಸೆರಗಿನ ತುದಿಯಿಂದ ಮನೆಯ ಬೀಗದ ಕೈ ಬಿಚ್ಚಿ ಅವನ ಮುಂದಿಟ್ಟಳು. “ಇದು ನಿನ್ನ ಹತ್ರಾನೇ ಇರ್ಲಿ. ನಾನಿನ್ನು ಒಬ್ಬಳೇ ಹೊರಗೆ ಹೋಗಲ್ಲ.”

ಮನೆಯ ನಕ್ಷೆಯಲ್ಲಿ ಒಂದು ಗೆರೆಯೂ ತಪ್ಪಿರಲಿಲ್ಲ; ಹಾಗಾದರೆ ಬದಲಾಗಿದ್ದು ಅಂತಸ್ತೇ ಎಂದು ಅವನಿಗೆ ಆಗ ಹೊಳೆಯಿತು. ಬ್ಯಾಗು ಹೆಗಲಲ್ಲಿರುವಂತೆಯೇ ಅವಳೆದುರು ನೆಲಕ್ಕೆ ಕೂತ.

“ಅಕ್ಕ, ನಿನ್ನ ನಕ್ಷೆ ತಪ್ಪಿಲ್ಲ. ಬಡಕಲ ಭಾನುವಾರಾನೇ ಸತ್ತ. ನನ್ನ ಕೈಯಲ್ಲಿ ಸತ್ತ. ನಾನು ನಕಲು ಹಾಕ್ದೆ. ಅಂತಸ್ತೇ ಬದಲಾಗಿದೆ.”

ಅಕ್ಕ ಟೇಪನ್ನು ನಿಧಾನವಾಗಿ ಪೂರ್ತಿ ಸುತ್ತಿದಳು.

“ಮೂರು ದಿನ” ಎಂದಳು. “ಮೂರು ದಿನ ನನ್ನ ಕಣ್ಣನ್ನ ನಾನೇ ನಂಬಲಿಲ್ಲ. ಬಾತ್‌ರೂಮಿಗೆ ಹೋಗೋವಾಗ್ಲೂ ಬಾಗಿಲು ಯಾವ ಕಡೆ ಅಂತ ಎಣಿಸ್ಕೊಂಡು ಹೋದೆ.”

“ನಿಂಗೆ ಬೇಜಾರಾಗುತ್ತೆ ಅಂತ...”

“ಆ ಬೊಂಬೆ ಸತ್ರೆ ನಾನು ಎದೆ ಬಡ್ಕೊಂಡು ಅಳ್ತೀನೇನೋ, ಕೋಣ?” ದನಿ ಏರಿತು, ಒಡೆಯಿತು. ಬೀದಿಯಲ್ಲೊಂದು ಸೈಕಲ್ಲು ಬೆಲ್ಲು ಬಾರಿಸುತ್ತ ಹಾದುಹೋಯಿತು.

ಆಮೇಲೆ ಅವಳು ಎದ್ದು ಆ ತೂತುಬಿದ್ದ ಹಾಳೆಯನ್ನು ತಂದಳು. “ನಮ್ಮ ಆಫೀಸಲ್ಲಿ ಬೇರೆಯವರ ನಕ್ಷೆ ಮೇಲೆ ಕೈ ಇಟ್ಟವರು ಪಕ್ಕದಲ್ಲಿ ಸಹಿ ಹಾಕ್ಬೇಕಿತ್ತು, ತಾರೀಕು ಸಮೇತ. ಎಲ್ಲಿ ಸತ್ತ, ತೋರಿಸು.”

ಅವನು ತೋರಿಸಿದ ಜಾಗದಲ್ಲಿ ಶಿಲುಬೆಯಂಥ ಸಣ್ಣದೊಂದು ಗುರುತು ಹಾಕಿದಳು. ಅವನು ಭಾನುವಾರದ ತಾರೀಕು ಬರೆದು ಸಹಿ ಹಾಕಿದ. ಮಗ್ಗಿ ಒಪ್ಪಿಸುವ ಹುಡುಗನಂತೆ ಅವಳ ಮುಂದೆಯೇ ಕಂಪ್ಯೂಟರು ತೆರೆದು ಫೈಲನ್ನೂ ಅದರ ನಕಲುಗಳನ್ನೂ ಅಳಿಸಿದ. ಬೀಗದ ಕೈಯನ್ನು ಅವಳು ಮರಳಿ ಸೆರಗಿಗೆ ಕಟ್ಟಿಕೊಂಡಳು.

“ಶುಕ್ರವಾರ ಡಾಕ್ಟರ ಹತ್ರ ಹೋಗ್ಬೇಕಲ್ಲ” ಎಂದಳು.

“ಹೂಂ.”

“ಒಂದೊಂದು ಸಲ ಅವರು ಜೊತೆಗೆ ಬಂದವರನ್ನ ಮಾತ್ರ ಒಳಗೆ ಕರೀತಾರೆ, ನಮ್ಮನ್ನ ಹೊರಗೆ ಕೂರಿಸಿ. ಅವತ್ತು ನಿಂಗೆ ಏನು ಹೇಳಿದ್ರೂ, ಹೊರಗೆ ಬಂದು ಅಷ್ಟನ್ನೂ ನಂಗೆ ಹೇಳ್ಬೇಕು. ಹೇಳ್ತೀಯಾ?”

ಅವನು ಹೆಗಲಿನ ಬ್ಯಾಗನ್ನು ಆಗಷ್ಟೇ ಇಳಿಸಿ ಕೆಳಗಿಟ್ಟ. ಅಕ್ಕ ಅವಸರ ಮಾಡಲಿಲ್ಲ, ಅವನ ಮುಖವನ್ನೇ ನೋಡುತ್ತ ಕಾದಳು.

“ಹೇಳ್ತೀನಿ” ಎಂದ.