ಜಾಲಹಳ್ಳಿ ಕ್ವಾರ್ಟರ್ಸಿನಲ್ಲಿ ನಾನು ಮಾಡಿಸಿದ ತಾಲೀಮು

ಕಿರುತೆರೆಯ ಸೇವೆಯಲ್ಲಿ ನಾನು ಮೂವರು ಸೊಸೆಯರ ಪಾಯಸಕ್ಕೆ ವಿಷ ಬೆರೆಸಿದ್ದೇನೆ, ಇಬ್ಬರು ಮಲಮಕ್ಕಳನ್ನು ಮನೆಯಿಂದ ಹೊರದಬ್ಬಿದ್ದೇನೆ. ಇಂಥ ಸಾಧನೆಯ ಹೆಂಗಸು ದತ್ತು ಸ್ವೀಕಾರದ ಪ್ರಚಾರಕ್ಕೆ ಇಳಿದಾಗ ನಾಡಿನ ಜನತೆ ಕೊಂಚ ಗಾಬರಿಯಾದದ್ದು ಸಹಜ. ಪೀಣ್ಯದ ಕಾರ್ಖಾನೆಯೊಂದರ ಕನ್ನಡ ಸಂಘದ ನಾಟಕದಲ್ಲಿ ಬಣ್ಣ ಹಚ್ಚಲು ಶುರುಮಾಡಿದವಳು ನಾನು. ನಲವತ್ತು ದಾಟಿದ ಮೇಲೆ ಎರಡು ವರ್ಷದ ಮಗಳೊಬ್ಬಳನ್ನು ದತ್ತು ತೆಗೆದುಕೊಂಡೆ. ಅವಳ ಹಿಂದೆಯೇ ಮಕ್ಕಳಿಲ್ಲದವರ ಫೋನುಗಳು ಬಂದವು. ಸೀರಿಯಲ್ ಕಡಿಮೆಯಾಯಿತು; ಎಲೆಕ್ಟ್ರಾನಿಕ್ ಸಿಟಿಯ ಅಪಾರ್ಟ್‌ಮೆಂಟುಗಳ ಕ್ಲಬ್‌ಹೌಸಿನಲ್ಲಿ ನನ್ನ ಭಾಷಣ ಜಾಸ್ತಿಯಾಯಿತು.

ಕಳೆದ ವರ್ಷ ಜಾಲಹಳ್ಳಿಯ ಕಾರ್ಖಾನೆ ಕ್ವಾರ್ಟರ್ಸಿನಿಂದ ಗಂಡ ಹೆಂಡತಿ ನನ್ನನ್ನು ಕರೆದರು. ದತ್ತು ಸಂಸ್ಥೆಯ ಸಮಾಜ ಕಾರ್ಯಕರ್ತೆ ಮನೆಗೆ ಬಂದು, ಎಲ್ಲರನ್ನೂ ಮಾತಾಡಿಸಿ, ಈ ಮನೆಗೆ ಮಗು ಕೊಡಬಹುದೇ ಎಂದು ವರದಿ ಬರೆಯುವ ದಿನ ಹತ್ತಿರವಾಗಿತ್ತು. ಏಳು ವರ್ಷ ಆಸ್ಪತ್ರೆ ಸುತ್ತಿ ಸೋತಿದ್ದ ಹೆಂಡತಿಗೆ ಅತ್ತೆಯದೇ ಭಯ.

"ಆಂಟಿ, ಅತ್ತೆ ಬಾಯ್ತಪ್ಪಿ ಏನಾದ್ರೂ ಅಂದ್ಬಿಟ್ರೆ ಮುಗೀತು."

ಅನುಭವಸ್ಥೆಯಾದ ನಾನು ಇದಕ್ಕೆ ಪರಿಹಾರ ಕಂಡುಹಿಡಿದೆ. ಮೂರು ದಿನ ಮೂವರಿಗೂ ತಾಲೀಮು ನಡೆಸಿದೆ. "ನಮಗೆ ರಕ್ತ ಮುಖ್ಯವಲ್ಲ, ಪ್ರೀತಿ ಮುಖ್ಯ" ಎಂಬ ಸಾಲು ಬರೆದುಕೊಟ್ಟು, ಎಲ್ಲಿ ಉಸಿರು ನಿಲ್ಲಿಸಬೇಕು, ಎದೆಯ ಮೇಲೆ ಕೈ ಯಾವಾಗ ಇಡಬೇಕು ಎಂದು ತೋರಿಸಿದೆ.

ವರದಿಯ ದಿನ ನಾನೂ ಮೂಲೆಯಲ್ಲಿ ಹಾಜರಿದ್ದೆ. ಬಂದ ಕಾರ್ಯಕರ್ತೆ ಇಪ್ಪತ್ತೈದರ ಹುಡುಗಿ. ಹೆಲ್ಮೆಟ್ಟನ್ನು ಪಕ್ಕದಲ್ಲಿಟ್ಟು ನಡುಮನೆಯ ಮಂಚದ ತುದಿಯಲ್ಲಿ ಕೂತಳು. ನೆಂಟರು ಒಪ್ಪುತ್ತಾರಾ ಎಂದು ಗಂಡನನ್ನು ಕೇಳಿದಳು. ಅವನು ಉಸಿರು ನಿಲ್ಲಿಸಿ, ಕೈ ಎದೆಗಿಟ್ಟು, ಸಾಲು ಒಪ್ಪಿಸಿದ. ಮಗು ದೊಡ್ಡದಾದ ಮೇಲೆ ನಿಜ ಯಾವಾಗ ಹೇಳುತ್ತೀರಿ ಎಂದು ಹೆಂಡತಿಯನ್ನು ಕೇಳಿದಳು. ಅದೇ ಉಸಿರು, ಅದೇ ಕೈ, ಅದೇ ಸಾಲು.

ಬರೆಯುತ್ತಿದ್ದ ಪೆನ್ನು ನಿಂತಿತು.

"ಇದನ್ನ ಯಾರು ಹೇಳ್ಕೊಟ್ರು?"

ನನ್ನತ್ತ ನೋಡದಿರಲು ಮನೆಯವರು ಪಟ್ಟ ಶ್ರಮವೇ ಸಾಕ್ಷಿಯಾಯಿತು.

"ನಾನೇ," ಎಂದೆ. ಇಷ್ಟು ಸಣ್ಣ ದನಿಯಲ್ಲಿ ನಾನು ಯಾವ ಸೀರಿಯಲ್ಲಿನಲ್ಲೂ ಮಾತಾಡಿದವಳಲ್ಲ.

"ಬಾಯಿಪಾಠ ಕೇಳಿ ನಾನು ವರದಿ ಬರೆಯಕ್ಕಾಗಲ್ಲ ಮೇಡಂ," ಎಂದು ಅವಳು ಫೈಲು ಮುಚ್ಚಿ ಎದ್ದಳು. ಸೊಸೆ ಗೋಡೆಗೆ ಒರಗಿದಳು. ಏಳು ವರ್ಷದ ಕಾಯುವಿಕೆ ನನ್ನ ಒಂದು ಡೈಲಾಗಿನಿಂದ ಬಾಗಿಲು ದಾಟಿ ಹೋಗುವುದರಲ್ಲಿತ್ತು.

"ಕೂತ್ಕೊಳ್ಳಮ್ಮ," ಎಂದರು ಅತ್ತೆ. "ಇವ್ರು ಹೇಳ್ಕೊಟ್ಟಿದ್ದು ನಂಗೆ ಮರ್ತೇಹೋಯ್ತು. ನಂಗೆ ಭಯ ಕಣಮ್ಮ. ಸಿಟ್ಟಲ್ಲಿ ಒಂದಿನ 'ಯಾರ್ ಹೆತ್ತಿದ್ದೋ' ಅಂತ ನನ್ ಬಾಯಲ್ಲಿ ಬಂದ್ಬಿಟ್ರೆ?"

ಸೊಸೆ ಕಣ್ಣು ಮುಚ್ಚಿಕೊಂಡಳು. ಬರಬಾರದ ಮಾತು ಬಂದೇಬಿಟ್ಟಿತ್ತು.

ಹುಡುಗಿ ನಿಂತಲ್ಲೇ ಕೇಳಿದಳು: "ಬಂದ್ರೆ ಏನ್ಮಾಡ್ತೀರಾ?"

"ಗೊತ್ತಿಲ್ಲ. ಅದಕ್ಕೇ ನಿದ್ದೆ ಇಲ್ಲ. ಬೇಡ ಅಂತಲ್ಲ ಮತ್ತೆ. ಮಗೂಗೆ ಬೇಕಾಗತ್ತೆ ಅಂತ ನನ್ ರೂಮ್ ಬಿಟ್ಕೊಟ್ಟು ಮಂಚ ಈಚೆ ಹಾಕ್ಸಿದೀನಿ. ಇಷ್ಟೊತ್ತು ನೀನು ಕೂತಿದ್ದಿದ್ದು ಅದ್ರ ಮೇಲೇನೆ."

ಅವಳು ಮತ್ತೆ ಕೂತಳು. ಫೈಲು ತೆರೆದು, ಬರೆದದ್ದನ್ನೆಲ್ಲ ಅಡ್ಡಗೆರೆ ಎಳೆದು ಹೊಡೆದುಹಾಕಿದಳು.

"ಅಜ್ಜಿ, ಮೊದಲಿಂದ ಹೇಳಿ. ಮೇಡಂ, ನೀವು ಸ್ವಲ್ಪ ಹೊರಗಿರಿ."

ನಿರ್ದೇಶಕಿಯನ್ನೇ ಸೆಟ್ಟಿನಿಂದ ಹೊರಗೆ ಕಳಿಸಿದ್ದನ್ನು ನಾನು ಎಲ್ಲೂ ಕಂಡಿರಲಿಲ್ಲ. ಒಂದೂವರೆ ಗಂಟೆ ಕಾಂಪೌಂಡಿನಲ್ಲಿ ಸಂಪಿಗೆ ಮರ ನೋಡುತ್ತ ನಿಂತೆ. ಒಳಗೆ ಒಮ್ಮೆ ಸೊಸೆ ಅತ್ತದ್ದು ಕೇಳಿಸಿತು, ಒಮ್ಮೆ ಯಾರೋ ನಕ್ಕದ್ದು.

ಅವಳು ಇನ್ನೂ ಎರಡು ಸಲ ಬಂದು ಹೋದಳಂತೆ, ನನಗೆ ಆಹ್ವಾನವಿರಲಿಲ್ಲ. ವರದಿ ಅನುಕೂಲವಾಗಿ ಹೋಯಿತು, ಅತ್ತೆಯ ಭಯದ ಸಮೇತ. ಈಗ ಅವರು ಮಗುವಿಗಾಗಿ ಸರದಿಯಲ್ಲಿ ಕಾಯುತ್ತಿದ್ದಾರೆ. ಅತ್ತೆ ವಾರಕ್ಕೊಮ್ಮೆ ನನಗೆ ಫೋನು ಮಾಡುತ್ತಾರೆ.

"ಏನಮ್ಮ, ಇನ್ನೂ ಎಷ್ಟು ದಿನ?"

ಗೊತ್ತಿಲ್ಲ ಎನ್ನುತ್ತೇನೆ. ಬೈದು ಇಡುತ್ತಾರೆ.