ಉಸಿರು ಊದುವ ಪಾಠ

ಎಪ್ಪತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ಯಳಂದೂರು ಕಡೆಯ ಒಂದು ಹೈಸ್ಕೂಲಿನಲ್ಲಿ ಡ್ರಿಲ್ ಮೇಷ್ಟ್ರಾಗಿದ್ದೆ. ಕೊಳ್ಳೇಗಾಲದಲ್ಲಿ ಮೂರು ದಿನದ ಪ್ರಥಮ ಚಿಕಿತ್ಸೆಯ ತರಬೇತಿ ನಡೆದಾಗ ಬೇರೆ ಯಾರೂ ಒಪ್ಪದ ಕಾರಣ ನನ್ನನ್ನು ಕಳಿಸಿದರು. ಬಂದ ಮೇಲೆ ಅದನ್ನು ಹತ್ತನೇ ತರಗತಿಗೆ ಕಲಿಸುವ ಕೆಲಸವೂ ನನ್ನ ತಲೆಗೇ ಬಿತ್ತು. ರಜೆಯಲ್ಲಿದ್ದ ಇಬ್ಬರ ಪಾಠಗಳನ್ನು ಆಗಲೇ ಎಳೆಯುತ್ತಿದ್ದೆ. ಕಡೇ ಪೀರಿಯಡ್ಡಿನ ಹೊತ್ತಿಗೆ ಗಂಟಲು ಕಟ್ಟಿರುತ್ತಿತ್ತು.

ಗೋಣಿಚೀಲಕ್ಕೆ ಹುಲ್ಲು ತುಂಬಿ, ಎದೆಯ ಜಾಗದಲ್ಲಿ ಫುಟ್‌ಬಾಲಿನ ಹಳೇ ಬ್ಲ್ಯಾಡರ್ ಇಟ್ಟು, ಒಂದು ಗೊಂಬೆ ಮಾಡಿಕೊಂಡೆ. ಊದಿದರೆ ಎದೆ ಉಬ್ಬುತ್ತಿತ್ತು. ಉಸಿರು ನಿಂತವರ ಎದೆಯನ್ನು ಹದಿನೈದು ಸಲ ಒತ್ತಬೇಕು, ಬಾಯಿಗೆ ಬಾಯಿಟ್ಟು ಎರಡು ಸಲ ಊದಬೇಕು. ಹುಡುಗರು ನಗುತ್ತಿದ್ದರು. ಹುಡುಗಿಯರು ಸೆರಗು ಬಾಯಿಗಿಟ್ಟು ಹಿಂದೆ ಸರಿಯುತ್ತಿದ್ದರು. ಹೊನ್ನೂರಿನಿಂದ ಬರುತ್ತಿದ್ದ ಒಬ್ಬಳು ಮಾತ್ರ ಮೊದಲ ದಿನವೇ ಮಂಡಿಯೂರಿ ಕೂತು ಎಣಿಸತೊಡಗಿದಳು.

ಒಂದು ಸೋಮವಾರ ಅವಳು ಬರಲಿಲ್ಲ. ಆ ವಾರವಿಡೀ ಬರಲಿಲ್ಲ. ಅವರ ಗದ್ದೆಯ ಬಾವಿಗೆ ಪಂಪು ನೋಡಲು ಇಳಿದಿದ್ದ ಕೂಲಿಯವನು ಜಾರಿ ನೀರಿಗೆ ಬಿದ್ದನೆಂದೂ, ಮೇಲೆತ್ತಿ ಮಲಗಿಸಿದವನ ಬಾಯಿಗೆ ಬಾಯಿಟ್ಟು ಊದಿದ್ದು ಈ ಹುಡುಗಿಯೆಂದೂ, ಅವನು ಉಳಿಯಲಿಲ್ಲವೆಂದೂ ಆ ಊರಿನ ಹುಡುಗರು ಹೇಳಿದರು.

ಶನಿವಾರ ಮಧ್ಯಾಹ್ನ ಸೈಕಲ್ ತುಳಿದುಕೊಂಡು ಅವರ ಮನೆಗೆ ಹೋದೆ. ಹೋಗಲು ಮನಸ್ಸಿರಲಿಲ್ಲ. ಅವಳ ಅಪ್ಪ ಜಗುಲಿಯ ಮೇಲೆ ಕೂತಿದ್ದರು.

“ಬನ್ನಿ ಮೇಷ್ಟ್ರೆ, ಕೂತ್ಕಳಿ. ಏನ್ ಕಲ್ಸುದ್ರಿ ನೋಡಿ ನಮ್ಮುಡ್ಗೀಗೆ? ಯಾರ್ ಬಾಯ್ಗೆ ಬಾಯ್ ಮಡುಗ್ಬುಟ್ಲು ಅಂತ ಊರೋರೆಲ್ಲ ಆಡ್ಕತಾವ್ರೆ. ನಾಳೆ ಯಾರ್ ಬಂದಾರು ಎಣ್ ಕೇಳಕ್ಕೆ?”

ನಾನು ಜಗುಲಿಯ ಅಂಚಿನಲ್ಲಿ ಕೂತೆ. ಆ ಹುಡುಗಿಯೇ ಮಜ್ಜಿಗೆ ತಂದಿಟ್ಟಳು. ಅಂಗೈಗಳ ಬುಡದಲ್ಲಿ ಒತ್ತಿ ಕಂದಿದ ಗುರುತು ಇನ್ನೂ ಇತ್ತು.

“ಸಾ, ಎಷ್ಟ್ ಒತ್ತುದ್ರೂ ಉಸ್ರು ಬರ್ಲೇ ಇಲ್ಲ ಸಾ. ನಾನ್ ಎಣ್ಸೋದ್ರಲ್ಲಿ ತಪ್ ಮಾಡ್ಬುಟ್ನಾ?”

ನಾನು ಈವರೆಗೆ ಒಬ್ಬ ಮನುಷ್ಯನ ಎದೆಯನ್ನೂ ಒತ್ತಿದವನಲ್ಲ. ಹುಲ್ಲಿನ ಗೊಂಬೆಯ ಮುಂದೆ ಕೂತು, ಹೀಗೆ ಮಾಡಿದರೆ ಜೀವ ಬರುತ್ತದೆ ಎಂದು ಹೇಳಿಬಿಟ್ಟಿದ್ದೆ. ಬರದಿದ್ದರೆ ಏನು ಅಂತ ಹೇಳಿರಲಿಲ್ಲ.

“ಇಲ್ಲಮ್ಮ, ನೀನು ಸರಿಯಾಗೇ ಮಾಡಿದ್ದೀಯ. ಎಲ್ಲಾ ಸಲ ಬರೋಲ್ಲ. ಅದನ್ನ ಮೊದಲೇ ಹೇಳದೆ ಇದ್ದದ್ದು ನನ್ನ ತಪ್ಪು” ಅಂದೆ.

ಅವಳು ಅಲ್ಲೇ ನಿಂತು ಅತ್ತಳು. ಅಪ್ಪ ಮುಖ ಆಚೆ ತಿರುಗಿಸಿಕೊಂಡರು.

ವಾಪಸು ಹೊರಟಾಗ ಊರ ಹೊರಗೆ ಹೆಂಗಸೊಬ್ಬಳು ಸೈಕಲ್ಲಿಗೆ ಅಡ್ಡ ಬಂದು ನಿಂತಳು. ಸತ್ತವನ ಹೆಂಡತಿ.

“ಇಸ್ಕೂಲ್ ಮೇಷ್ಟ್ರು ನೀವೇನಾ ಸಾ? ಎಲ್ರೂವೆ ಸುತ್ತ ನಿಂತ್ಕಂಡ್ ನೋಡ್ತಿದ್ರು. ಆ ಕೂಸೊಂದೇ ನಮ್ಮೋರ್ನ ಮುಟ್ಟುದ್ದು. ಅದ್ಕೇನೂ ಅನ್ಬ್ಯಾಡಿ ಅಂತ ಅವ್ರಪ್ಪಂಗೆ ನೀವಾದ್ರೂ ಏಳಿ.”

ತಿರುಗಿ ಹೋಗಿ ಹುಡುಗಿಯ ಅಪ್ಪನಿಗೆ ಅವಳ ಮಾತನ್ನು ಹಾಗೇ ಒಪ್ಪಿಸಿದೆ. ಅವರು ಕೇಳಿಸಿಕೊಂಡು, ಎದ್ದು ಕೊಟ್ಟಿಗೆಯ ಕಡೆ ಹೋದರು.

ಇನ್ನೊಂದು ವಾರ ಕಳೆದ ಮೇಲೆ ಅವರೇ ಮಗಳನ್ನು ಸ್ಕೂಲಿನ ತನಕ ಕರೆತಂದರು. “ಓದ್ಕಳ್ಳಿ ಬುಡಿ” ಎಂದಷ್ಟೇ ಹೇಳಿ ಬಸ್ಸಿಗೆ ಹೊರಟುಬಿಟ್ಟರು.

ಆಮೇಲೆ ಎಷ್ಟೋ ವರ್ಷ ಆ ಪಾಠ ಮಾಡಿದೆ. ಬಹಳ ಸಲ ಜೀವ ಬರುವುದಿಲ್ಲ ಎನ್ನುವುದನ್ನೇ ಮೊದಲು ಹೇಳುತ್ತಿದ್ದೆ. ಕೇಳಿ ಮಕ್ಕಳ ನಗು ನಿಲ್ಲುತ್ತಿತ್ತು. ಆ ಹುಡುಗಿ ಹತ್ತನೇ ತರಗತಿಯಲ್ಲಿದ್ದ ವರ್ಷದ ಕೊನೆಯ ಪಾಠದಲ್ಲಿ ನಡುವೆಯೇ ಸುಸ್ತಾಗಿ ಮೆಟ್ಟಿಲ ಮೇಲೆ ಕೂತುಬಿಟ್ಟೆ. ನಾನು ಕೇಳದೆಯೇ ಅವಳು ಎದ್ದು ಬಂದು, ಗೊಂಬೆಯ ಎದೆ ಒತ್ತುತ್ತಿದ್ದ ಹುಡುಗಿಯ ತೋಳು ಹಿಡಿದಳು.

“ಮೊಣಕೈ ಬಗ್ಗುಸ್ಬ್ಯಾಡ ಕಣೇ, ನೆಟ್ಟಗಿಟ್ಕಂಡು ಒತ್ತು” ಅಂದಳು. ಉಳಿದ ಪಾಠ ಅವಳೇ ಮಾಡಿದಳು.