ಸ್ಕ್ಯಾನ್ ಚಿತ್ರ ಎಲ್ಲಿಗೆ ಹೋಗುತ್ತದೆ?

“ನೋಡಿ ಹೇಳ್ತಿದೀರಾ, ಇಲ್ಲ ಸುಮ್ನೆ ಹೇಳ್ತಿದೀರಾ ಸಾರ್?”

ಜಯನಗರದ ಸ್ಕ್ಯಾನಿಂಗ್ ಸೆಂಟರಿನಲ್ಲಿ ಒಪ್ಪಿಗೆ ಪತ್ರ ಹಿಡಿದು ನಿಂತಿದ್ದ ಹೆಂಗಸೊಬ್ಬರು ನನ್ನನ್ನು ಹೀಗೆ ಕೇಳಿದರು. ಗೊಟ್ಟಿಗೆರೆಯವರು, ಐವತ್ತು ದಾಟಿರಬಹುದು. ಎದೆಯಲ್ಲಿನ ಗಂಟನ್ನು ಪರೀಕ್ಷಿಸಿಕೊಳ್ಳಲು ಬಂದಿದ್ದರು. ಅಲ್ಲಿನ ಕಂಪ್ಯೂಟರುಗಳನ್ನು ನೋಡಿಕೊಳ್ಳುವವನು ನಾನು. ರೋಗಿಗಳ ಚಿತ್ರಗಳು ನಮ್ಮ ಸೆಂಟರಿನ ಸರ್ವರಿನಲ್ಲೂ, ಅವುಗಳ ಪ್ರತಿ ಮುಂಬೈನಲ್ಲಿರುವ ಕ್ಲೌಡ್ ಕಂಪನಿಯ ಸರ್ವರಿನಲ್ಲೂ ಇರುತ್ತವೆ, ದೇಶದಾಚೆಗೆ ಹೋಗುವುದಿಲ್ಲ ಎಂದು ಆಗಷ್ಟೇ ಅವರಿಗೆ ಹೇಳಿದ್ದೆ. ಒಪ್ಪಿಗೆ ಪತ್ರದಲ್ಲೂ ಹಾಗೆಯೇ ಅಚ್ಚಾಗಿತ್ತು.

“ಒಂದ್ನಿಮಿಷ ಕೂತ್ಕೊಳ್ಳಿ, ನೋಡ್ತೀನಿ” ಎಂದು ಲ್ಯಾಪ್‌ಟಾಪ್ ತೆರೆದೆ. ಮುಂಬೈನಿಂದ ಇನ್ನೊಂದು ಪ್ರತಿ ತಾನಾಗಿಯೇ ಸಿಂಗಪುರಕ್ಕೆ ಹೋಗುತ್ತಿತ್ತು. ವರ್ಷದ ಹಿಂದೆ ಸಾಫ್ಟ್‌ವೇರ್ ಬದಲಿಸಿದಾಗ ಆ ಸೆಟ್ಟಿಂಗ್ ಅನ್ನು ನಾನು ಗಮನಿಸಿರಲೇ ಇಲ್ಲ. ಮ್ಯಾನೇಜರಿಗೆ ತಿಳಿಸಿ ಅದನ್ನು ನಿಲ್ಲಿಸಿದೆ. ಆಮೇಲೆ ಆ ಹೆಂಗಸಿನ ಬಳಿ ಹೋಗಿ, “ನಾನು ಹೇಳಿದ್ದು ತಪ್ಪಮ್ಮ. ಹೊರಗಡೆ ಹೋಗ್ತಿತ್ತು, ಈಗ ನಿಲ್ಲಿಸಿದೀನಿ” ಎಂದೆ.

ಅವರು ಬೈಯಲಿಲ್ಲ. ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದರು. “ನಾನಿಲ್ಲಿಗೆ ಬಂದಿರೋದು ನಮ್ಮನೇಲೇ ಯಾರಿಗೂ ಗೊತ್ತಿಲ್ಲ ಸಾರ್. ಅದಕ್ಕೇ ಕೇಳ್ದೆ” ಎನ್ನುತ್ತ ಒಳಗೆ ನಡೆದರು.

ಅವರಿಗಿಂತ ಮೊದಲು ಬಂದವರು ಏನನ್ನೂ ಕೇಳದೆ, ನಮ್ಮನ್ನು ನಂಬಿ ಸಹಿ ಹಾಕಿದ್ದರು. ಅವರೆಲ್ಲರ ಒಂದು ವರ್ಷದ ಚಿತ್ರಗಳು ಇನ್ನೂ ಸಿಂಗಪುರದಲ್ಲೇ ಇವೆ. ಅಳಿಸಿ ಎಂದು ಕ್ಲೌಡ್ ಕಂಪನಿಗೆ ಎರಡು ಸಲ ಬರೆದಿದ್ದೇನೆ, ಉತ್ತರ ಬಂದಿಲ್ಲ. ಈಗ ಸೆಂಟರಿನಲ್ಲಿ ಯಾರಾದರೂ ಸಹಿ ಹಾಕಲು ಪೆನ್ನು ಕೇಳಿದರೆ, ಅವರ ಮುಖ ನೋಡಲು ನನ್ನಿಂದಾಗುತ್ತಿಲ್ಲ.